ಕಜ್ಜಿ ಹತ್ತುವ ಸಾಲು

“ಬುದ್ಧಿ, ನನ್ನ ಕೋಪ ಹೋಗಿದೆ ಎಂದು ನಾನು ಹೇಳಿಕೊಳ್ಳಬಹುದೇ?” ಎಂದು ಚನ್ನಮಲ್ಲ ಗುರುಗಳನ್ನು ಕೇಳಿದ.

ಅವನು ಬೆಟ್ಟದ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಬರುವ ಮೊದಲು ಊರಿಗೆಲ್ಲ ಮುಂಗೋಪಿ ಎನಿಸಿಕೊಂಡಿದ್ದವನು. ಬದುವಿನ ಜಗಳದಲ್ಲಿ ಸ್ವಂತ ಅಣ್ಣನ ಮೇಲೆ ಕೈಮಾಡಿ, ಆಮೇಲೆ ನಾಚಿಕೆ ತಡೆಯಲಾರದೆ ಬೆಟ್ಟ ಹತ್ತಿದ್ದವನು. ಈ ಮೂರು ವರ್ಷದಲ್ಲಿ ಒಮ್ಮೆಯೂ ದನಿ ಎತ್ತರಿಸಿರಲಿಲ್ಲ. ಈಗ ಪೇಟೆಯ ಮಠಕ್ಕೆ ಒಬ್ಬರು ಬೇಕಾಗಿದ್ದರು. ಅಲ್ಲಿಗೆ ದಿನವೂ ಜನ ತಮ್ಮ ವ್ಯಾಜ್ಯಗಳನ್ನು ಹೊತ್ತುಕೊಂಡು ಬರುತ್ತಿದ್ದರು. ತಾನು ಅಲ್ಲಿಗೆ ಹೋಗುತ್ತೇನೆಂದು ಅಪ್ಪಣೆ ಕೇಳಲು ಚನ್ನಮಲ್ಲ ಬಂದಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂತುಕೋ ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮುಂಗಾರಿಗೆ ಎಲ್ಲರೂ ಆಲೂಗಡ್ಡೆ ಹಾಕುತ್ತಿದ್ದರು. ನೆಲ ಒಳ್ಳೆಯದು, ಗಡ್ಡೆಯೂ ರುಚಿ. ಆದರೆ ಕೆಲವು ವರ್ಷಗಳಿಂದ ಆ ಊರಿನ ಗಡ್ಡೆಗೆ ಕಜ್ಜಿ ಹತ್ತತೊಡಗಿತ್ತು. ಸಿಪ್ಪೆಯ ಮೇಲೆ ಕಂದು ಬಣ್ಣದ ಹುಣ್ಣುಗಳು ಏಳುತ್ತಿದ್ದವು. ಅವು ಒಡೆದು, ಒಣಗಿ, ಮರದ ತೊಗಟೆಯಂತೆ ಒರಟಾಗುತ್ತಿದ್ದವು. ಒಳಗಿನ ತಿರುಳು ಕೆಡುತ್ತಿರಲಿಲ್ಲ. ಆದರೆ ಹುಣ್ಣು ತೆಗೆಯಲು ಹೋದರೆ ಅರ್ಧ ಗಡ್ಡೆ ಸಿಪ್ಪೆಯ ಜೊತೆಗೇ ಹೋಗುತ್ತಿತ್ತು. ಸಂತೆಯಲ್ಲಿ ಕೊಳ್ಳುವವರು ಒಂದನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಸವರಿ, ಕೆಳಗಿಟ್ಟು ಮುಂದೆ ಹೋಗುತ್ತಿದ್ದರು.

ಈ ರೋಗ ಇರುವುದು ಮಣ್ಣಿನಲ್ಲಿ. ಮೇಲೆ ಗಿಡ ಹಸಿರಾಗಿಯೇ ಇರುತ್ತದೆ, ಎಲೆ ನಗುತ್ತಿರುತ್ತದೆ. ಅಗೆಯುವ ತನಕ ಏನೂ ಗೊತ್ತಾಗುವುದಿಲ್ಲ. ಊರಿನವರು ಸುಣ್ಣ ಹಾಕಿ ನೋಡಿದರು, ಕಜ್ಜಿ ಹೆಚ್ಚಾಯಿತು. ಹಸಿ ಸಗಣಿ ಹಾಕಿದರು, ಇನ್ನೂ ಹೆಚ್ಚಾಯಿತು. ನಾಲ್ಕು ವರ್ಷ ರಾಗಿ ಬೆಳೆದು ಐದನೆಯ ವರ್ಷ ಗಡ್ಡೆ ಹಾಕಿದರು. ಕಜ್ಜಿ ಕಾಯುತ್ತಿದ್ದ ಹಾಗೆ ಮತ್ತೆ ಬಂತು.

ಆ ಊರಿನಲ್ಲಿ ದ್ಯಾವಮ್ಮ ಎಂಬ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಮೈದುನ ಮರೀಗೌಡನ ಮನೆಯಲ್ಲೇ ಇದ್ದಳು. ಬೇಸಾಯದಲ್ಲಿ ಅವಳ ಮಾತಿಗೆ ಆ ಮನೆಯಲ್ಲಿ ಬೆಲೆಯಿತ್ತು. ಮದುವೆಗೆ ಮೊದಲು ಅವಳು ತವರಿನ ಹತ್ತಿರದ ಒಂದು ಆಲೂಗಡ್ಡೆ ಸಂಶೋಧನೆಯ ತೋಟದಲ್ಲಿ ಕೂಲಿ ಮಾಡಿದ್ದಳು. ಓದು ಬರಹ ಬಾರದು. ಆದರೆ ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸಿ ಹೊಸ ತಳಿ ಮಾಡುವ ಕೆಲಸ ಅವಳ ಬೆರಳಿಗೆ ಬಂದಿತ್ತು. ಆ ಕೆಲಸ ಮರೆತು ಇಪ್ಪತ್ತು ವರ್ಷವಾಗಿತ್ತು.

ಒಂದು ಸಲ ದೂರದ ಬೆಟ್ಟದ ಸೀಮೆಯ ಸಂತೆಗೆ ಹೋದಾಗ ಅವಳು ಒಂದು ಬಗೆಯ ಕಪ್ಪು ಆಲೂಗಡ್ಡೆ ಕಂಡಳು. ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು, ಬೇಯಿಸಿದರೆ ಸಪ್ಪೆ. ಆದರೆ ಸಿಪ್ಪೆ ನುಣುಪು. ಮಾರುತ್ತಿದ್ದ ಮುದುಕಿಯನ್ನು ಕೇಳಿದಳು. ನಮ್ಮ ಕಡೆ ಬೇರೆ ಗಡ್ಡೆಗೆಲ್ಲ ಕಜ್ಜಿ ಹತ್ತುತ್ತದೆ, ಇದಕ್ಕೆ ಹತ್ತುವುದಿಲ್ಲ, ಅದಕ್ಕೇ ಇಟ್ಟುಕೊಂಡಿದ್ದೇವೆ ಎಂದಳು ಆ ಮುದುಕಿ. ದ್ಯಾವಮ್ಮ ಒಂದು ಮಡಿಲು ತುಂಬಾ ತಂದಳು. ದಾರಿಯುದ್ದಕ್ಕೂ ಅವಳ ಬೆರಳುಗಳಿಗೆ ಹಳೆಯ ಕೆಲಸ ನೆನಪಾಗುತ್ತಿತ್ತು.

ಆ ವರ್ಷ ಅವಳು ಹಿತ್ತಿಲಿನಲ್ಲಿ ಊರ ಗಡ್ಡೆಯನ್ನೂ ಕಪ್ಪು ಗಡ್ಡೆಯನ್ನೂ ಪಕ್ಕಪಕ್ಕದಲ್ಲಿ ನೆಟ್ಟಳು. ಊರ ಗಡ್ಡೆಯ ಮೊಗ್ಗು ಅರಳುವ ಮೊದಲೇ ಬಿಡಿಸಿ, ಒಳಗಿನ ಕೇಸರಗಳನ್ನು ಮುಳ್ಳಿನ ಮೊನೆಯಿಂದ ಕಿತ್ತು, ಕಪ್ಪು ಗಡ್ಡೆಯ ಹೂವಿನ ಪುಡಿಯನ್ನು ಮುಟ್ಟಿಸಿ, ಕಾಗದದ ಚೀಲ ಕಟ್ಟಿದಳು. ಎಂಬತ್ತು ಹೂವಿಗೆ ಕಟ್ಟಿದಳು. ಎಪ್ಪತ್ತನಾಲ್ಕು ಉದುರಿದವು. ಆರು ನಿಂತವು. ಗೋಲಿ ಗಾತ್ರದ ಹಸಿರು ಕಾಯಿಗಳು. ಅವು ಮೆತ್ತಗಾದ ಮೇಲೆ ಹಿಂಡಿ, ತೊಳೆದು, ಟೊಮೇಟೊ ಬೀಜದಂಥ ಸಣ್ಣ ಬೀಜಗಳನ್ನು ಒಣಗಿಸಿದಳು. ಮುನ್ನೂರಕ್ಕಿಂತ ಹೆಚ್ಚಿದ್ದವು.

ಗಡ್ಡೆ ನೆಟ್ಟರೆ ತಾಯಿಯ ಹಾಗೆಯೇ ಮಗು. ಬೀಜ ಬಿತ್ತಿದರೆ ಹಾಗಲ್ಲ, ಒಂದೊಂದು ಗಿಡವೂ ಬೇರೆ. ಮುನ್ನೂರು ಬೀಜದಿಂದ ಮುನ್ನೂರು ಬಗೆ ಬಂತು. ಮೊದಲ ವರ್ಷ ಕಡಲೆಕಾಯಿಯಷ್ಟು ಗಡ್ಡೆ, ಎರಡನೆಯ ವರ್ಷ ನಿಂಬೆಹಣ್ಣಿನಷ್ಟು. ರೋಗದ ನೆಲಕ್ಕೆ ಇಳಿಸುವಷ್ಟು ಬಿತ್ತನೆ ಇರಲಿಲ್ಲ, ಹಾಗಾಗಿ ಹಿತ್ತಿಲಿನ ಚೊಕ್ಕಟ ಮಣ್ಣಿನಲ್ಲೇ ಬೆಳೆಸಿ ಹೆಚ್ಚಿಸಿದಳು. ಕಹಿಯಾದದ್ದನ್ನು ಬಿಟ್ಟಳು. ಬೇಯದೆ ಗಟ್ಟಿಯಾಗಿ ಉಳಿದದ್ದನ್ನು ಬಿಟ್ಟಳು. ಅಟ್ಟದ ಮೇಲೆ ಬೇಗ ಕೊಳೆತದ್ದನ್ನು ಬಿಟ್ಟಳು. ಮೂರು ವರ್ಷ ಹೀಗೆ ಬಿಡುತ್ತಾ ಬಂದು ಕೊನೆಗೆ ಹನ್ನೆರಡು ಉಳಿಸಿಕೊಂಡಳು. ಅಕ್ಷರ ಬಾರದವಳು, ಕಡ್ಡಿಯ ಮೇಲೆ ಗೀಟು ಹಾಕಿ ಗುರುತು ಇಟ್ಟಳು. ಒಂದು ಗೀಟಿನದು, ಎರಡು ಗೀಟಿನದು, ಹೀಗೆ ಹನ್ನೆರಡು ಗೀಟಿನವರೆಗೆ.

ಹನ್ನೆರಡರಲ್ಲಿ ಮೂರು ಗೀಟಿನದು ಅವಳಿಗೆ ಅಚ್ಚುಮೆಚ್ಚು. ದುಂಡಗೆ, ದಪ್ಪಗೆ, ಬಂಗಾರದ ಬಣ್ಣ. ಮನೆಗೆ ಬಂದವರೆಲ್ಲ ಅದನ್ನೇ ಕೈಗೆತ್ತಿಕೊಳ್ಳುತ್ತಿದ್ದರು. ಏಳು ಗೀಟಿನದನ್ನು ಅವಳು ಎರಡು ಸಲ ಬಿಡಬೇಕೆಂದಿದ್ದಳು. ರುಚಿ ಪರವಾಗಿಲ್ಲ, ಆದರೆ ಮೈತುಂಬಾ ಆಳವಾದ ಕಣ್ಣುಗಳು, ಸಿಪ್ಪೆ ತೆಗೆಯುವುದೇ ಒಂದು ಕಷ್ಟ. ಯಾಕೋ ಇರಲಿ ಎಂದು ಉಳಿಸಿದ್ದಳು.

ಊರಿನ ಹಳ್ಳದ ಮೇಲೆ ಅವರದೇ ಒಂದು ತುಂಡು ಹೊಲವಿತ್ತು. ಊರಿಗೆಲ್ಲ ಕಜ್ಜಿ ಹೆಚ್ಚಾಗಿದ್ದದ್ದು ಅದರಲ್ಲೇ. ಮರೀಗೌಡ ಅದನ್ನು ಬೀಳು ಬಿಟ್ಟಿದ್ದ. ದ್ಯಾವಮ್ಮ ಆ ಹೊಲವನ್ನೇ ಕೇಳಿದಳು. ಬೇಸಿಗೆಯಲ್ಲಿ ಊರಿನ ಮನೆಮನೆಯಿಂದ ಕಜ್ಜಿ ಹತ್ತಿದ ಗಡ್ಡೆಯ ಸಿಪ್ಪೆ ತರಿಸಿ ಆ ಮಣ್ಣಿಗೆ ಸೇರಿಸಿದಳು. ಬೇಡವೆಂದು ಎಲ್ಲರೂ ಕೈಬಿಟ್ಟಿದ್ದ ಸುಣ್ಣವನ್ನೂ ಹಸಿ ಸಗಣಿಯನ್ನೂ ಹಾಕಿದಳು. ಎಲ್ಲರೂ ನೆಲದ ರೋಗ ಬಿಡಿಸಲು ನೋಡಿದರೆ ಇವಳು ರೋಗಕ್ಕೇ ಊಟ ಹಾಕುತ್ತಿದ್ದಾಳೆ ಎಂದು ಜನ ನಕ್ಕರು.

ಮುಂಗಾರಿಗೆ ಅಲ್ಲಿ ಹನ್ನೆರಡು ಸಾಲು ನೆಟ್ಟಳು. ಹದಿಮೂರನೆಯ ಸಾಲಿಗೆ ಊರ ಹಳೆಯ ಗಡ್ಡೆಯನ್ನೇ ಹಾಕಿದಳು.

“ಅದಕ್ಕೆ ಕಜ್ಜಿ ಹತ್ತುವುದು ಗೊತ್ತೇ ಇದೆಯಲ್ಲ ಅತ್ತಿಗೆ, ಅದಕ್ಕೆ ಯಾಕೆ ಒಂದು ಸಾಲು?” ಎಂದು ಮರೀಗೌಡ ಕೇಳಿದ.

“ನಾನು ಕೂಲಿ ಮಾಡಿದ ತೋಟದಲ್ಲಿ ಹಾಗೇ ಹಾಕಿಸುತ್ತಿದ್ದರು” ಎಂದಳು ದ್ಯಾವಮ್ಮ. ಅದಕ್ಕಿಂತ ಹೆಚ್ಚಿಗೆ ಅವಳಿಗೂ ಗೊತ್ತಿರಲಿಲ್ಲ.

ಆ ವರ್ಷ ಮಳೆ ಹದವಾಗಿ ಬಂತು. ಗಡ್ಡೆ ಕಟ್ಟುವ ತಿಂಗಳಿನಲ್ಲಿ ನೆಲ ಒಂದು ದಿನವೂ ಒಣಗಲಿಲ್ಲ. ಅಗೆಯುವ ದಿನ ಮರೀಗೌಡ ಊರಿನವರನ್ನು ಕರೆದಿದ್ದ. ಬಿತ್ತನೆ ಕೊಡುತ್ತೇವೆ, ಪುಟ್ಟಿ ತನ್ನಿ ಎಂದೂ ಹೇಳಿದ್ದ. ಮೊದಲ ಸಾಲು ಅಗೆದರು, ಒಂದು ಹುಣ್ಣೂ ಇಲ್ಲ. ಎರಡನೆಯದು, ಮೂರನೆಯದು, ಹನ್ನೆರಡರವರೆಗೂ ಹಾಗೇ. ಗೋಣಿಯ ಮೇಲೆ ರಾಶಿ ಹಾಕಿದ ಗಡ್ಡೆಗಳು ತೊಳೆದಿಟ್ಟ ಹಾಗಿದ್ದವು. ಆ ರೋಗದ ಹೊಲದಲ್ಲಿ ಅಂಥ ಗಡ್ಡೆಯನ್ನು ಯಾರೂ ಕಂಡಿರಲಿಲ್ಲ. ಜನ ಮೂರು ಗೀಟಿನದರ ರಾಶಿಯ ಸುತ್ತ ಕೂತರು. ನನಗಿಷ್ಟು, ನಿನಗಿಷ್ಟು ಎಂದು ಮಾತು ಶುರುವಾಯಿತು. ದ್ಯಾವಮ್ಮನ ಕಣ್ಣು ತುಂಬಿತು. ನಾಲ್ಕು ವರ್ಷದ ಕೆಲಸ ಕಣ್ಣೆದುರಿಗೆ ಬಿದ್ದಿತ್ತು.

ಹದಿಮೂರನೆಯ ಸಾಲು ಅಗೆಯುವುದು ಯಾರಿಗೂ ಬೇಕಿರಲಿಲ್ಲ. ಅವಳೇ ಗುದ್ದಲಿ ತೆಗೆದುಕೊಂಡು ಹೋದಳು. ಮೊದಲ ಗಿಡ ಎತ್ತಿದಳು. ಗಡ್ಡೆ ನುಣುಪಾಗಿತ್ತು. ಎರಡನೆಯದು ಎತ್ತಿದಳು. ಸಾಲು ಮುಗಿಯುವವರೆಗೂ ಎತ್ತಿದಳು. ಒಂದಕ್ಕೂ ಕಜ್ಜಿ ಇರಲಿಲ್ಲ.

ಆಗ ಅವಳಿಗೆ ತೋಟದ ಮೇಸ್ತ್ರಿ ನೆನಪಾದ. ಹಳೆಯ ಗಡ್ಡೆಯ ಸಾಲು ಚೊಕ್ಕಟವಾಗಿ ಬಂದ ವರ್ಷ ಅವನು ಏನನ್ನೂ ಬರೆಯದೆ ಪುಸ್ತಕ ಮುಚ್ಚಿಬಿಡುತ್ತಿದ್ದ. ಗಡ್ಡೆ ಇಷ್ಟು ಚೆನ್ನಾಗಿದ್ದರೂ ಇವನ ಮುಖ ಯಾಕೆ ಹೀಗಿದೆ ಎಂದು ಕೂಲಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ಆ ಮುಖದ ಅರ್ಥ ಅವಳಿಗೆ ತಿಳಿಯಿತು.

ಮರೀಗೌಡ ಹಿಂದೆಯೇ ಬಂದಿದ್ದ. “ಅದೂ ಚೆನ್ನಾಗಿ ಬಂದಿದೆಯಲ್ಲ ಅತ್ತಿಗೆ. ಇನ್ನೂ ಒಳ್ಳೆಯದೇ ಆಯಿತು” ಎಂದ.

“ಒಳ್ಳೆಯದಾಗಲಿಲ್ಲ ಮರೀಗೌಡ. ಹತ್ತಲೇಬೇಕಾದದ್ದಕ್ಕೂ ಈ ಸಲ ಕಜ್ಜಿ ಹತ್ತಿಲ್ಲ. ಮಳೆಗೆ ನೆಲ ಒಣಗಲಿಲ್ಲ, ಕಜ್ಜಿ ಮೇಲೇಳಲಿಲ್ಲ. ಆ ಹನ್ನೆರಡೂ ಕಜ್ಜಿಯನ್ನು ತಡೆದುಕೊಂಡವೋ, ಕಜ್ಜಿಯ ಮುಖವನ್ನೇ ಕಾಣಲಿಲ್ಲವೋ, ನನಗೆ ಹೇಗೆ ಗೊತ್ತಾಗಬೇಕು?”

“ಜನಕ್ಕೆ ಕೊಡುತ್ತೇವೆಂದು ಹೇಳಿಬಿಟ್ಟಿದ್ದೇನೆ. ಪುಟ್ಟಿ ತಂದು ನಿಂತಿದ್ದಾರೆ.”

“ನಾನು ಕೊಡಲಿಲ್ಲ ಎಂದು ಹೇಳು. ಬೈಯುವುದಿದ್ದರೆ ನನ್ನನ್ನೇ ಬೈಯಲಿ.”

ಜನ ಖಾಲಿ ಪುಟ್ಟಿ ಹೊತ್ತುಕೊಂಡು ಹೋದರು. ಬೈದರು ಕೂಡ. ತನ್ನ ಮನೆಗೆ ಮಾತ್ರ ಇಟ್ಟುಕೊಳ್ಳುವ ಯೋಚನೆ ಎಂದರು ಕೆಲವರು. ಹೆಸರು ಬರಲಿ ಎಂದು ಆಟವಾಡಿಸುತ್ತಿದ್ದಾಳೆ ಎಂದರು ಇನ್ನು ಕೆಲವರು. ಹಿಟ್ಟಿನ ಗಿರಣಿಯ ಮುಂದೆ ಅವಳನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮರೀಗೌಡನೂ ಒಂದು ತಿಂಗಳು ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ.

ಅವಳಿಗೂ ಅನುಮಾನ ಬರುತ್ತಿತ್ತು. ಹನ್ನೆರಡರಲ್ಲಿ ಒಂದಾದರೂ ನಿಜವಾಗಿ ಒಳ್ಳೆಯದಿದ್ದರೆ, ಒಂದು ವರ್ಷ ಊರಿನವರಿಗೆ ನಾನೇ ಅನ್ಯಾಯ ಮಾಡಿದ ಹಾಗಾಯಿತಲ್ಲ ಎಂದು ಕೊರಗುತ್ತಿದ್ದಳು. ಅಟ್ಟ ಹತ್ತಿ ಮೂರು ಗೀಟಿನ ಗಡ್ಡೆಗಳನ್ನು ನೋಡುತ್ತಿದ್ದಳು. ಮೊಳಕೆ ಚೆನ್ನಾಗಿ ಬರುತ್ತಿತ್ತು. ಒಂದು ದಿನ ಅದನ್ನು ಪುಟ್ಟಿಗೆ ತುಂಬಿ ಬಾಗಿಲವರೆಗೂ ಬಂದಳು. ಮತ್ತೆ ಹಿಂದಕ್ಕೆ ಹೋಗಿ ಅಟ್ಟದ ಮೇಲೇ ಹರಡಿದಳು.

ಮುಂದಿನ ಮುಂಗಾರಿಗೆ ಅದೇ ಹೊಲದಲ್ಲಿ ಮೂರು ಕಡೆ ನೆಟ್ಟಳು. ಮೇಲಿನ ತುದಿಯಲ್ಲಿ ಒಮ್ಮೆ, ನಡುವೆ ಒಮ್ಮೆ, ಹಳ್ಳದ ಮಗ್ಗುಲಿಗೆ ಒಮ್ಮೆ. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆಯಾದರೂ ಸತ್ಯ ತಿಳಿಯಲಿ ಎಂಬ ಲೆಕ್ಕ. ಮೂರು ಕಡೆಯೂ ಹನ್ನೆರಡು ಸಾಲಿನ ಪಕ್ಕದಲ್ಲಿ ಊರ ಹಳೆಯ ಗಡ್ಡೆಯ ಸಾಲಿತ್ತು.

ಗಿಡ ಮೊಣಕಾಲೆತ್ತರ ಬಂದವು. ಗಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಬಿಟ್ಟಿತು. ಹತ್ತು ದಿನ ಬಿಸಿಲು ಬಿತ್ತು. ಮಧ್ಯಾಹ್ನವಾದರೆ ಎಲೆ ಜೋತು ಬೀಳುತ್ತಿತ್ತು. ಹಳ್ಳದಲ್ಲಿ ನೀರಿತ್ತು. ಮರೀಗೌಡ ಪಂಪು ಹೊರಿಸಿಕೊಂಡು ಬಂದ.

“ಬೇಡ” ಎಂದಳು ದ್ಯಾವಮ್ಮ.

“ಬಾಡುತ್ತಿದೆ ಅತ್ತಿಗೆ. ನಮ್ಮ ಬೆಳೆಗೆ ರೋಗ ಬರಲಿ ಎಂದು ನಾವೇ ಬೇಡಿಕೊಳ್ಳುವುದೇ?”

“ಹೌದಪ್ಪ. ಈ ಒಂದು ಹೊಲಕ್ಕೆ, ಈ ಒಂದು ತಿಂಗಳು. ಇಲ್ಲಿ ಬರಲಿ. ಊರಿನವರ ಹೊಲಕ್ಕೆ ಹೋದ ಮೇಲೆ ಬರುವುದು ಬೇಡ.”

ಮರೀಗೌಡ ಪಂಪು ಹಿಂದಕ್ಕೆ ಕಳಿಸಿದ. ಆ ತಿಂಗಳು ದ್ಯಾವಮ್ಮ ದಿನವೂ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂರುತ್ತಿದ್ದಳು. ಮಾಡುವ ಕೆಲಸ ಏನೂ ಇರಲಿಲ್ಲ. ರೋಗ ಬರಲಿ ಎಂದು ಅವಳ ಮನಸ್ಸು ಬಯಸುತ್ತಿತ್ತು. ಬಂದು ಹನ್ನೆರಡನ್ನೂ ತಿಂದುಹಾಕಿದರೆ ಗತಿಯೇನು ಎಂದು ಅದೇ ಮನಸ್ಸು ಹೆದರುತ್ತಿತ್ತು. ಮಣ್ಣಿನ ಕೆಳಗೆ ಏನು ನಡೆಯುತ್ತಿದೆ ಎಂದು ಎಲೆ ನೋಡಿ ಹೇಳುವ ಹಾಗಿರಲಿಲ್ಲ. ತಿಂಗಳು ಕಳೆದ ಮೇಲೆ ಮತ್ತೆ ಮಳೆ ಬಂತು, ಗಿಡ ಚೇತರಿಸಿಕೊಂಡವು.

ಅಗೆಯುವ ದಿನ ಈ ಸಲ ಯಾರನ್ನೂ ಕರೆಯಲಿಲ್ಲ. ಮರೀಗೌಡ ಒಬ್ಬನೇ ಜೊತೆಗಿದ್ದ. ದ್ಯಾವಮ್ಮ ನೇರವಾಗಿ ಊರ ಗಡ್ಡೆಯ ಸಾಲಿಗೆ ಹೋದಳು. ಗುದ್ದಲಿಯಿಂದ ಮಣ್ಣು ಸಡಿಲಿಸಿ, ಗಿಡ ಕೀಳುವ ಮೊದಲೇ ಕೈ ಒಳಗೆ ಹಾಕಿದಳು. ಒಂದು ಗಡ್ಡೆ ಸಿಕ್ಕಿತು. ಹೆಬ್ಬೆರಳಿನಿಂದ ಸವರಿದಳು. ತೊಗಟೆಯಂತೆ ಒರಟಾಗಿತ್ತು. ಹೊರಗೆ ತೆಗೆದು ನೋಡಿದಳು. ಒಂದು ಬೆರಳಿಡಲೂ ಚೊಕ್ಕಟ ಜಾಗವಿರಲಿಲ್ಲ.

ಅವಳು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕಜ್ಜಿ ಹತ್ತಿದ ಗಡ್ಡೆಯನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಿರುವ ಅತ್ತಿಗೆಯನ್ನು ಮರೀಗೌಡ ನೋಡಿದ. ಅವನೂ ಪಕ್ಕದಲ್ಲಿ ಕೂತ.

“ಬಂದಿದೆ. ಇನ್ನು ಉಳಿದದ್ದನ್ನು ಕೇಳಬಹುದು” ಎಂದಳು ಅವಳು.

ಒಂದು ಗೀಟಿನದನ್ನು ಅಗೆದರು, ಕಜ್ಜಿ. ಎರಡು ಗೀಟಿನದು, ಕಜ್ಜಿ. ಮೂರು ಗೀಟಿನದಕ್ಕೆ ಬಂದಾಗ ಅವಳ ಕೈ ತಡೆಯಿತು. ಮರೀಗೌಡನೇ ಅಗೆದ. ಹುಣ್ಣು ಊರ ಗಡ್ಡೆಗಿಂತ ಆಳಕ್ಕೆ ಇಳಿದಿತ್ತು. ಒಂದನ್ನು ಕೈಯಲ್ಲಿ ಹಿಡಿದು ಅವನು ಬಹಳ ಹೊತ್ತು ನೋಡಿದ.

“ಹೋದ ವರ್ಷ ಇದನ್ನೇ ಊರಿಗೆಲ್ಲ ಹಂಚುತ್ತಿದ್ದೆ” ಎಂದ.

ಹಂಚಲಿಲ್ಲವಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು. ಮೆಚ್ಚಿನದು ಹೋಯಿತೆಂಬ ದುಃಖಕ್ಕಿಂತ ಆ ಸಮಾಧಾನವೇ ದೊಡ್ಡದಾಗಿತ್ತು.

ನಾಲ್ಕು, ಐದು, ಆರು, ಎಲ್ಲಕ್ಕೂ ಹತ್ತಿತ್ತು. ಏಳು ಗೀಟಿನದರ ಮೊದಲ ಗಿಡ ಎತ್ತಿದಾಗ ಮಣ್ಣು ಉದುರಿತು, ಸಿಪ್ಪೆ ನುಣುಪಾಗಿ ಹೊಳೆಯಿತು. ಆ ಸಾಲನ್ನು ಅವರು ಕೊನೆಯವರೆಗೂ ಅಗೆದರು. ಒಂದು ಗಡ್ಡೆಯ ಮೇಲೆ ಕಪ್ಪಗೆ ಒಂದು ಚುಕ್ಕೆ ಕಂಡಿತು. ದ್ಯಾವಮ್ಮ ಹಳ್ಳಕ್ಕಿಳಿದು ಅದನ್ನು ತೊಳೆದಳು. ಮಣ್ಣು, ಹೋಯಿತು. ಎಂಟರಿಂದ ಹನ್ನೆರಡರವರೆಗೆ ಎರಡಕ್ಕೆ ಸ್ವಲ್ಪ, ಉಳಿದವಕ್ಕೆ ಪೂರ್ತಿ ಕಜ್ಜಿ ಇತ್ತು. ನಡುವಿನ ಜಾಗದಲ್ಲೂ ಹಾಗೇ, ಹಳ್ಳದ ಮಗ್ಗುಲಲ್ಲೂ ಹಾಗೇ. ಊರ ಗಡ್ಡೆ ಮೂರು ಕಡೆಯೂ ಹುಣ್ಣಾಗಿತ್ತು. ಏಳು ಗೀಟಿನದು ಮೂರು ಕಡೆಯೂ ಉಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಮರೀಗೌಡ ಊರಿಗೆ ಹೋಗಿ ಜನರನ್ನು ಕರೆತಂದ. ಊರ ಗಡ್ಡೆಯ ರಾಶಿ, ಮೂರು ಗೀಟಿನ ರಾಶಿ, ಏಳು ಗೀಟಿನ ರಾಶಿ, ಮೂರನ್ನೂ ದ್ಯಾವಮ್ಮ ಒಂದೇ ಗೋಣಿಯ ಮೇಲೆ ಇಟ್ಟಿದ್ದಳು. ಹೋದ ವರ್ಷ ಮೂರು ಗೀಟಿನದಕ್ಕಾಗಿ ಎಲ್ಲರಿಗಿಂತ ಮುಂದೆ ಕೂತಿದ್ದವನು ಬಗ್ಗಿ ಒಂದನ್ನು ತೆಗೆದುಕೊಂಡ, ಸವರಿದ, ಕೆಳಗಿಟ್ಟ. “ಅಮ್ಮ, ಅವತ್ತು ಬಾಯಿಗೆ ಬಂದಂತೆ ಮಾತಾಡಿದ್ದೆ” ಎಂದ. “ಆಗಲಿ, ಪುಟ್ಟಿ ತಂದಿದ್ದೀಯಾ?” ಎಂದಳು ದ್ಯಾವಮ್ಮ.

ಬಿತ್ತನೆ ಸ್ವಲ್ಪವೇ ಇತ್ತು. ಮನೆಗೆ ಒಂದು ಬೊಗಸೆಯಂತೆ ಹಂಚಿದರು. ಎರಡು ವರ್ಷದಲ್ಲಿ ಅದು ಊರಿಗೆಲ್ಲ ಆಯಿತು. ಅದಕ್ಕೆ ಏಳುಗೀಟು ಎಂದೇ ಹೆಸರು ನಿಂತಿತು. ಸಂತೆಯಲ್ಲಿ ಕೊಳ್ಳುವವರು ಹೆಬ್ಬೆರಳಿನಿಂದ ಸವರಿ, ತೂಗು ಎನ್ನತೊಡಗಿದರು. ಕಣ್ಣುಗಳ ಕಾಟ ಮಾತ್ರ ತಪ್ಪಲಿಲ್ಲ. ಸಿಪ್ಪೆ ತೆಗೆಯುವಾಗ ಹೆಂಗಸರು ದ್ಯಾವಮ್ಮನ ಹೆಸರು ಹೇಳಿ ಗೊಣಗುತ್ತಿದ್ದರು. ಆ ಗೊಣಗಾಟ ಕೇಳಿದರೆ ಅವಳಿಗೆ ಹಿತವೆನಿಸುತ್ತಿತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಚನ್ನಮಲ್ಲನ ಮುಖ ಗೆಲುವಾಗಿತ್ತು. “ಊರು ಬದುಕಿತು ಬುದ್ಧಿ. ಕೇಳಿ ನನಗೂ ಸಮಾಧಾನವಾಯಿತು. ಹಾಗಾದರೆ ನಾನು ಪೇಟೆಯ ಮಠಕ್ಕೆ ಹೊರಡಲೇ?” ಎಂದ.

ಗುರುಗಳು ಅವನನ್ನು ನೋಡಿ, “ಈ ಮೂರು ವರ್ಷದಲ್ಲಿ ಇಲ್ಲಿ ನಿನ್ನ ಪಕ್ಕದಲ್ಲಿದ್ದ ಯಾರಿಗಾದರೂ ಕೋಪ ಬಂದದ್ದುಂಟೇ, ಚನ್ನಮಲ್ಲ?” ಎಂದರು.

“ಇಲ್ಲ ಬುದ್ಧಿ, ಒಬ್ಬರಿಗೂ ಬಂದಿಲ್ಲ” ಎಂದ ಚನ್ನಮಲ್ಲನಿಗೆ ಹದಿಮೂರನೆಯ ಸಾಲು ನೆನಪಾಯಿತು.